ಇಲ್ಲಿ ಬಿ ಫಾರಂ ಕೊಡೋ ಹೈಕಮಾಂಡ್ ಇಲ್ಲ: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ ಚುನಾವಣೆಯ ಪಾಠ

ಮೊದಲು ಒಂದು ಎಚ್ಚರಿಕೆ, ಉಳಿದದ್ದು ಆಮೇಲೆ. ಎಚ್-1ಬಿ ಕೆಲಸದ ವೀಸಾ ಇರಲಿ, ಗ್ರೀನ್ ಕಾರ್ಡ್ ಇರಲಿ, ಸಿಟಿಜನ್ ಆಗುವ ತನಕ ಮತದಾರರ ಪಟ್ಟಿಗೆ ಹೆಸರು ಕೊಡಬೇಡಿ. ಡ್ರೈವಿಂಗ್ ಲೈಸೆನ್ಸ್‌ಗೆ ಅರ್ಜಿ ಹಾಕುವಾಗ ಅದರ ಜೊತೆಗೇ ಮತದಾರರಾಗಿ ನೋಂದಾಯಿಸಬೇಕೇ ಅನ್ನೋ ಪ್ರಶ್ನೆಯೂ ಬರುತ್ತದೆ. 1993ರ ಕಾನೂನಿನಿಂದ ಬಂದ ಪದ್ಧತಿ ಇದು. ಒಮ್ಮೆ ಮೈಸೂರಿನ ಹುಡುಗನೊಬ್ಬನನ್ನು ಕರೆದುಕೊಂಡು ಹೋಗಿದ್ದೆ, ಅವನು ಬಂದು ಮೂರು ವಾರ ಆಗಿತ್ತು, ಸ್ಕ್ರೀನ್ ಮೇಲೆ ಏನು ಕೇಳಿದರೂ ‘ಯೆಸ್’ ಒತ್ತುತ್ತಾ ಹೋಗುತ್ತಿದ್ದ, ನಾನು ಕೈ ಹಿಡಿದು ನಿಲ್ಲಿಸಬೇಕಾಯಿತು. ಹಾಗೆ ಸುಮ್ನೆ ಒತ್ತಿದ ಒಂದು ಟಿಕ್ ಮುಂದೆ ನಿಮ್ಮ ಗ್ರೀನ್ ಕಾರ್ಡ್‌ಗೇ ಕುತ್ತು ತರಬಹುದು. ದೇಣಿಗೆಯ ವಿಷಯ ಸ್ವಲ್ಪ ಬೇರೆ. ಗ್ರೀನ್ ಕಾರ್ಡ್ ಇದ್ದವರು ಅಭ್ಯರ್ಥಿಗೆ ದುಡ್ಡು ಕೊಡಬಹುದು, ವೀಸಾದವರು ಕೊಡುವಂತಿಲ್ಲ. ಸಂಬಳ ತಗೊಳ್ಳದೆ ಮನೆಮನೆಗೆ ಹೋಗಿ ಕರಪತ್ರ ಹಂಚೋಕೆ ಮಾತ್ರ ವೀಸಾದವರಿಗೂ ಅಡ್ಡಿಯಿಲ್ಲ.

ಈಗ ಆಟದ ನಿಯಮ. ನಮ್ಮೂರಲ್ಲಿ ಟಿಕೆಟ್ ಬೇಕಾದರೆ ಬೆಂಗಳೂರಿಗೋ ದೆಹಲಿಗೋ ಓಡಬೇಕು, ಕೊನೇ ದಿನ ಬಿ ಫಾರಂ ಯಾರ ಕೈಗೆ ಬರುತ್ತೋ ಅವನೇ ಅಭ್ಯರ್ಥಿ. ಇಲ್ಲಿ ಆ ಟಿಕೆಟ್ ಕೊಡೋದು ಮತದಾರರೇ. ಅದಕ್ಕೆ ಪ್ರೈಮರಿ ಅಂತಾರೆ, ನವೆಂಬರ್ ಚುನಾವಣೆಗೆ ಎಷ್ಟೋ ತಿಂಗಳು ಮುಂಚೆ ನಡೆಯುತ್ತದೆ. ಟಿವಿ ನೋಡಿಕೊಂಡು ನವೆಂಬರ್‌ಗೆ ಕಾಯುವವರು ಅರ್ಧ ಆಟ ಮುಗಿದ ಮೇಲೆ ಮೈದಾನಕ್ಕೆ ಬಂದ ಹಾಗೆ.

ಶ್ರೀ ಥಾಣೇದಾರ್ ಅವರನ್ನೇ ನೋಡಿ. ಹುಟ್ಟಿದ್ದು ಚಿಕ್ಕೋಡಿ, ಬೆಳೆದದ್ದು ಬೆಳಗಾವಿ. 2018ರಲ್ಲಿ ಮಿಶಿಗನ್ ರಾಜ್ಯದ ಗವರ್ನರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ಆಗಬೇಕೆಂದು ಸ್ವಂತ ದುಡ್ಡು ಸುರಿದು ಡೆಮಾಕ್ರಟಿಕ್ ಪಕ್ಷದ ಪ್ರೈಮರಿಗೆ ಇಳಿದರು, ಮೂರನೇ ಸ್ಥಾನಕ್ಕೆ ಬಿದ್ದರು. 2022ರಲ್ಲಿ ಡೆಟ್ರಾಯಿಟ್ ಕಡೆಯ ಕ್ಷೇತ್ರದಿಂದ ಕಾಂಗ್ರೆಸ್‌ಗೆ, ಅಂದರೆ ಇಲ್ಲಿನ ಸಂಸತ್ತಿಗೆ, ನಿಂತು ಪ್ರೈಮರಿ ಗೆದ್ದರು. ಅಲ್ಲಿ ಡೆಮಾಕ್ರಟರದ್ದೇ ಬಲ, ಹಾಗಾಗಿ ನವೆಂಬರ್‌ದು ಹೆಚ್ಚುಕಮ್ಮಿ ಶಾಸ್ತ್ರಕ್ಕೆ.

ಪ್ರೈಮರಿಯ ನಿಯಮ ರಾಜ್ಯಕ್ಕೊಂದು. ನಾವಿರುವ ಕ್ಯಾಲಿಫೋರ್ನಿಯಾದಲ್ಲಿ 2012ರಿಂದ ಗವರ್ನರ್, ಕಾಂಗ್ರೆಸ್, ರಾಜ್ಯ ಶಾಸಕರ ಸ್ಥಾನಗಳಿಗೆ ಎಲ್ಲ ಪಕ್ಷದವರೂ ಒಂದೇ ಪ್ರೈಮರಿಯಲ್ಲಿ ನಿಲ್ಲುತ್ತಾರೆ, ಮೊದಲ ಇಬ್ಬರು ನವೆಂಬರ್ ಚುನಾವಣೆಗೆ. ಇಬ್ಬರೂ ಒಂದೇ ಪಕ್ಷದವರಾದರೂ ಸರಿ. 2016ರ ಸೆನೆಟ್ (ಕಾಂಗ್ರೆಸ್‌ನ ಮೇಲ್ಮನೆ) ಚುನಾವಣೆಯಲ್ಲಿ ಕಮಲಾ ಹ್ಯಾರಿಸ್ ಎದುರು ನಿಂತಿದ್ದ ಲೊರೆಟ್ಟಾ ಸಾಂಚೆಜ್ ಕೂಡ ಡೆಮಾಕ್ರಟ್ಟೇ. ಅಧ್ಯಕ್ಷರ ಪ್ರೈಮರಿಗೆ ಮಾತ್ರ ಈ ನಿಯಮ ಇಲ್ಲ, ಅದು ಪಕ್ಷವಾರು. ಇನ್ನೊಂದು ಮಾತು, ಸಿಟಿಜನ್ ಆದ ಮೇಲೆ ನೋಂದಾಯಿಸುವಾಗ ‘ನನಗೆ ಯಾವ ಪಕ್ಷವೂ ಬೇಡ’ ಅಂದುಕೊಂಡು ‘ಅಮೆರಿಕನ್ ಇಂಡಿಪೆಂಡೆಂಟ್’ ಅನ್ನೋದಕ್ಕೆ ಗುರುತು ಹಾಕಬೇಡಿ. ಅದೂ ಒಂದು ಪಕ್ಷ! ಪಕ್ಷ ಬೇಡದವರಿಗೆ ‘ನೋ ಪಾರ್ಟಿ ಪ್ರಿಫರೆನ್ಸ್’ ಅಂತ ಬೇರೆಯೇ ಆಯ್ಕೆ ಇದೆ.

ಎಂಡಾರ್ಸ್‌ಮೆಂಟ್ ಅಂದರೆ ಬಿ ಫಾರಂ ಅಲ್ಲ, ಬರೀ ಶಿಫಾರಸು. ಪಕ್ಷ, ಪತ್ರಿಕೆ, ಶಿಕ್ಷಕರ ಸಂಘ, ಅಗ್ನಿಶಾಮಕ ದಳದವರ ಸಂಘ, ಪಕ್ಕದ ಊರಿನ ಮೇಯರ್, ಯಾರು ಬೇಕಾದರೂ ಕೊಡಬಹುದು. ಕೆಲವೊಮ್ಮೆ ಅದಕ್ಕೆ ಭಾರೀ ತೂಕ. 2020ರ ಫೆಬ್ರವರಿಯಲ್ಲಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಅಭ್ಯರ್ಥಿಯಾಗೋ ಸ್ಪರ್ಧೆಯಲ್ಲಿ ಜೋ ಬೈಡನ್ ಸೋಲಿನ ಮೇಲೆ ಸೋಲು ತಿಂದು ಕೂತಿದ್ದಾಗ, ಸೌತ್ ಕ್ಯಾರೊಲಿನಾದ ಹಿರಿಯ ನಾಯಕ ಜಿಮ್ ಕ್ಲೈಬರ್ನ್ ಅಲ್ಲಿನ ಪ್ರೈಮರಿಗೆ ಮೂರು ದಿನ ಇರುವಾಗ ‘ನನ್ನ ಬೆಂಬಲ ಬೈಡನ್‌ಗೆ’ ಅಂದುಬಿಟ್ಟರು. ಬೈಡನ್ ಅಲ್ಲಿ ದೊಡ್ಡ ಅಂತರದಲ್ಲಿ ಗೆದ್ದರು, ಅಲ್ಲಿಂದ ಗಾಳಿಯೇ ತಿರುಗಿತು.

ಆದರೆ ನಿಮ್ಮ ಪೋಸ್ಟ್ ಡಬ್ಬಿಗೆ ಬರುವ ಹೊಳೆಯುವ ಕಾರ್ಡ್‌ಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಸ್ಲೇಟ್ ಮೇಲರ್ ಅಂತಾರೆ ಅದಕ್ಕೆ. ಮೇಲೆ ದೊಡ್ಡ ಹೆಸರು, ಕೆಳಗೆ ‘ಇವರಿಗೆ ಮತ ಹಾಕಿ’ ಅನ್ನೋ ಪಟ್ಟಿ. ಕನ್ನಡಕ ಹಾಕಿಕೊಂಡು ನೋಡಿದರೆ ಕೆಲವು ಹೆಸರುಗಳ ಪಕ್ಕ ಪುಟ್ಟ ನಕ್ಷತ್ರ ಕಾಣುತ್ತದೆ. ಆ ಪಟ್ಟಿಯಲ್ಲಿ ಬರೋಕೆ ಅವರು ದುಡ್ಡು ಕೊಟ್ಟಿದ್ದಾರೆ ಅಂತ ಅರ್ಥ. ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ ಆ ನಕ್ಷತ್ರ ಹಾಕಲೇಬೇಕು. ಮೊದಲ ವರ್ಷ ನಾನು ಅದನ್ನು ‘ಉತ್ತಮ ಅಭ್ಯರ್ಥಿ’ ಅನ್ನೋ ಗುರುತು ಅಂದುಕೊಂಡಿದ್ದೆ!

ಕನ್ನಡ ಕೂಟದ ಕಮಿಟಿಗೆ ಸೇರುವವರಿಗೂ ಒಂದು ಮಾತು. ರಾಜ್ಯೋತ್ಸವದ ಕಾರ್ಯಕ್ರಮ ಬರೋದು ಸರಿಯಾಗಿ ಚುನಾವಣೆ ಹೊತ್ತಿಗೆ. ಅಭ್ಯರ್ಥಿಗಳು ಕುರ್ತಾ ಹಾಕಿಕೊಂಡು ‘ನಮಸ್ತೆ’ ಅನ್ನುತ್ತಾ ಬರುತ್ತಾರೆ. ಬರಲಿ, ಬಿಸಿಬೇಳೆಬಾತ್ ಬಡಿಸಿ. ಆದರೆ ತೆರಿಗೆ ವಿನಾಯಿತಿ ಇರುವ 501(ಸಿ)(3) ಸಂಸ್ಥೆ ಯಾವ ಅಭ್ಯರ್ಥಿಗೂ ಬೆಂಬಲ ಘೋಷಿಸುವಂತಿಲ್ಲ, 1954ರಿಂದ ಇರುವ ಕಾನೂನು. ಮೈಕ್ ಹಿಡಿದು ‘ನಮ್ಮ ಕೂಟದ ಮತ ಇವರಿಗೆ’ ಅಂದರೆ ವಿನಾಯಿತಿಗೇ ಸಂಚಕಾರ. ನಿಮ್ಮ ಸ್ವಂತ ಹೆಸರಲ್ಲಿ ನೀವು ಏನು ಬೇಕಾದರೂ ಹೇಳಿಕೊಳ್ಳಿ.

ಟರ್ಮ್ ಲಿಮಿಟ್, ಅಂದರೆ ಒಬ್ಬರು ಎಷ್ಟು ಸಲ ಅಧಿಕಾರದಲ್ಲಿ ಇರಬಹುದು ಅನ್ನೋ ಮಿತಿ, ಎಲ್ಲರಿಗೂ ಇದೆ ಅಂತ ಹೊಸಬರು ತಿಳಿದಿರುತ್ತಾರೆ. ಇಲ್ಲ. ಅಧ್ಯಕ್ಷರಿಗೆ ಎರಡು ಸಲ ಅನ್ನೋದು 1951ರಲ್ಲಿ ಸಂವಿಧಾನಕ್ಕೆ ಸೇರಿದ ತಿದ್ದುಪಡಿ, ಅದಕ್ಕೂ ಮುಂಚೆ ರೂಸ್‌ವೆಲ್ಟ್ ನಾಲ್ಕು ಸಲ ಗೆದ್ದಿದ್ದರು. ಕಾಂಗ್ರೆಸ್‌ನವರಿಗೆ ಮಿತಿಯೇ ಇಲ್ಲ. ರಾಜ್ಯಗಳು ತಮ್ಮ ಸಂಸದರಿಗೆ ಮಿತಿ ಹಾಕೋಕೆ ಹೊರಟಾಗ 1995ರಲ್ಲಿ ಸುಪ್ರೀಂ ಕೋರ್ಟ್ ಆಗದು ಅಂದಿತು. ಅಯೋವಾದ ಚಕ್ ಗ್ರಾಸ್ಲಿ ಸೆನೆಟ್‌ಗೆ ಹೋಗಿದ್ದು 1981ರಲ್ಲಿ, ನಮ್ಮಲ್ಲಿ ಗುಂಡೂರಾಯರು ಮುಖ್ಯಮಂತ್ರಿ ಆಗಿದ್ದಾಗ! ಗವರ್ನರ್‌ಗಳದ್ದು ಒಂದೊಂದು ರಾಜ್ಯಕ್ಕೆ ಒಂದೊಂದು ಥರ: ಕ್ಯಾಲಿಫೋರ್ನಿಯಾದಲ್ಲಿ ಎರಡು ಸಲ, ಟೆಕ್ಸಸ್‌ನಲ್ಲಿ ಮಿತಿ ಇಲ್ಲ, ವರ್ಜೀನಿಯಾದಲ್ಲಿ ಬೆನ್ನುಬೆನ್ನಿಗೆ ಎರಡು ಸಲ ಆಗುವಂತೆಯೇ ಇಲ್ಲ. ನಮ್ಮ ರಾಜ್ಯದ ಶಾಸಕರಿಗೆ ಒಟ್ಟು 12 ವರ್ಷ. ಅದು ಮುಗಿದ ಮೇಲೆ ಅವರು ಮನೆಗೆ ಹೋಗುತ್ತಾರೆ ಅಂದುಕೊಂಡಿರಾ? ಕೌಂಟಿಗೋ (ನಮ್ಮ ಜಿಲ್ಲೆಯ ಹಾಗೆ) ಕಾಂಗ್ರೆಸ್‌ಗೋ ನಿಲ್ಲುತ್ತಾರೆ, ಆ ಖಾಲಿ ಕುರ್ಚಿಗೆ ಸಿಟಿ ಕೌನ್ಸಿಲ್‌ನವರು ಟವೆಲ್ ಹಾಕುತ್ತಾರೆ. ನನ್ನ ಕೇಳಿದರೆ ಇದರಿಂದ ಒಂದು ಲಾಭ ಇದೆ, ನಮ್ಮಂಥ ಹೊಸ ಹೆಸರಿನವರಿಗೆ ಕೆಳಗಿನ ಕುರ್ಚಿ ಖಾಲಿ ಆಗುತ್ತದೆ.

ಕೊನೆಗೆ ಬ್ಯಾಲೆಟ್. ಕ್ಯಾಲಿಫೋರ್ನಿಯಾದಲ್ಲಿ ಅದು ಅಂಚೆಯಲ್ಲೇ ಮನೆಗೆ ಬರುತ್ತದೆ, ನಾಲ್ಕೈದು ಪುಟ ಇದ್ದರೂ ಆಶ್ಚರ್ಯವಿಲ್ಲ, ಸ್ಕೂಲ್ ಬೋರ್ಡು, ನೀರಿನ ಬೋರ್ಡು, ಜಡ್ಜು, ಎಲ್ಲಕ್ಕೂ ವೋಟು. ನಾವು ಊಟದ ಮೇಜಿನ ಮೇಲೆ ಹರಡಿಕೊಂಡು ಎರಡು ಸಂಜೆ ಕೂರುತ್ತೇವೆ. ಲಕೋಟೆಯ ಮೇಲೆ ಸಹಿ ಮಾತ್ರ ದಾಖಲೆಯಲ್ಲಿ ಇರುವ ಹಾಗೇ ಇರಬೇಕು. ನನ್ನ ಹೆಂಡತಿ ಸಹಿ ಮಾಡೋದು ಕನ್ನಡದಲ್ಲಿ. ಒಂದು ಸಲ ಅವಸರದಲ್ಲಿ ಇಂಗ್ಲಿಷಿನಲ್ಲಿ ಹಾಕಿಬಿಟ್ಟಳು, ‘ಸಹಿ ಹೊಂದುತ್ತಿಲ್ಲ’ ಅಂತ ಕಾಗದ ಬಂತು. ಅದರ ಜೊತೆ ಬಂದ ಫಾರಂ ಮೇಲೆ ಕನ್ನಡದಲ್ಲಿ ಸಹಿ ಮಾಡಿ ಕಳಿಸಿದಳು, ವೋಟು ಎಣಿಕೆ ಆಯಿತು.