ಮಿಡಿ ಉಪ್ಪಿನಕಾಯಿನ ವಾಟ್ಸಾಪಲ್ಲಿ ಮಾರೋದು ಹೇಗೆ

ಶಿವಮೊಗ್ಗದ ಕಾಲೇಜಲ್ಲಿ ಮಾರ್ಕೆಟಿಂಗ್ ಪಾಠ ಮಾಡ್ತೀನಿ, ಆದ್ರೆ ಸಾಗರದ ನಮ್ಮತ್ತಿಗೆ ಅಪ್ಪೆಮಿಡಿ (ಘಮಘಮ ಅನ್ನೋ ಎಳೆ ಮಾವಿನಕಾಯಿ) ಉಪ್ಪಿನಕಾಯಿ ಮಾರೋಕೆ ಹೊರಟಾಗ ನನ್ ಪಾಠ ಅರ್ಧ ಕೆಲ್ಸಕ್ಕೇ ಬರ್ಲಿಲ್ಲ.

ಮೊದ್ಲು ವ್ಯಾಪಾರದವ್ರಿಗಂತಲೇ ಇರೋ ವಾಟ್ಸಾಪ್ ಬಿಸಿನೆಸ್ ಆ್ಯಪ್ ಹಾಕ್ಕೊಳಿ, ಕ್ಯಾಟಲಾಗಲ್ಲಿ ಅರ್ಧ ಕೇಜಿ, ಒಂದ್ ಕೇಜಿ ರೇಟ್ ಬರೆದ್ಬಿಡಿ, ರೇಟಿಗೆ ಮೆಸೇಜ್ ಮಾಡಿ ಅಂದ್ರೆ ಸುಮಾರು ಜನ ಸಂಕೋಚಕ್ಕೆ ಕೇಳೋದೇ ಇಲ್ಲ. ಒಂದೇ ಮೆಸೇಜನ್ನ ಒಟ್ಟಿಗೆ ಎಲ್ರಿಗೂ ಕಳಿಸೋ ಬ್ರಾಡ್‌ಕಾಸ್ಟ್ ಲಿಸ್ಟಿಗೆ 256 ಜನರನ್ನ ಸೇರಿಸ್ಬೋದು, ಆದ್ರೆ ಅವ್ರು ನಿಮ್ ನಂಬರ್ ಸೇವ್ ಮಾಡ್ಕೊಂಡಿಲ್ಲ ಅಂದ್ರೆ ಮೆಸೇಜ್ ತಲುಪೋದೇ ಇಲ್ಲ, ಅತ್ತಿಗೆ ಎರಡು ವಾರ ಗಾಳಿಗೆ ಗುದ್ದಿದ್ದು ಹೀಗೇ.

ಸ್ಟುಡಿಯೋ ಫೋಟೋ ಬೇಡ. ತೊಟ್ಟು ಮುರಿದಾಗ ಸೊನೆ ಚಿಮ್ಮುತ್ತಲ್ಲ, ಅದನ್ನೇ ಹತ್ತು ಸೆಕೆಂಡ್ ವಿಡಿಯೋ ಮಾಡಿ ಸ್ಟೇಟಸ್ಸಿಗೆ ಹಾಕಿ, ಬೆಂಗಳೂರಲ್ಲಿರೋ ಮಲೆನಾಡಿನವ್ರಿಗೆ ಅಷ್ಟೇ ಸಾಕು, ಬಾಯಲ್ಲಿ ನೀರು.

ಕಾಸು ಸಿಕ್ಕಿದ ಖುಷಿಗಿಂತ ಕಳ್ಕೊಂಡ ನೋವು ಜಾಸ್ತಿ ಅಂತ ಕಾನೆಮನ್, ಟ್ವೆರ್ಸ್ಕಿ ಅನ್ನೋ ಮನಶ್ಶಾಸ್ತ್ರಜ್ಞರು 1979ರಲ್ಲೇ ಬರೆದ್ರು. ಹಂಗಾಗಿ ಡಿಸ್ಕೌಂಟ್ ಕೊಡೋದು ಬೇಡ, ಕಾಸು ಹೋಗುತ್ತೆ ಅನ್ನೋ ಭಯ ತೆಗೀರಿ, ಡಬ್ಬಿ ಸೋರಿದ್ರೆ ದುಡ್ಡು ವಾಪಸ್ ಅಂತ ಬರೀರಿ. ಲೇಬಲ್ ಮೇಲೆ ಎಫ್‌ಎಸ್‌ಎಸ್‌ಎಐನ (ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರದ) 14 ಅಂಕಿ ನಂಬರ್ ಇರ್ಲಿ, ಮತ್ತೆ ಮಳೆಗಾಲದಲ್ಲಿ ಡಬ್ಬಿ ಮುಚ್ಚಳಕ್ಕೆ ಎರಡು ಸುತ್ತು ಟೇಪ್!