ಡಬ್ಬಿ ಮೂರು, ಮನೆತನ ಒಂದು

ಅಣ್ಣಿಗೇರಿ ಕಡೆ ನಮ್ಮದು ನಾಲ್ಕೆಕರೆ ಎರೆ ಹೊಲ. ಆ ವರ್ಷ ಹತ್ತಿಗೆ ರಸ ಹೀರುವ ಹೇನು ಬಿದ್ದಾಗ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಹೊಡೆದೆ. ವಾರದಲ್ಲಿ ಎಲೆಯಡಿ ಮತ್ತೆ ಕಿಕ್ಕಿರಿದವು. ಅಸಿಟಾಮಿಪ್ರಿಡ್ ಆಯಿತು, ಥಯಾಮೆಥೋಕ್ಸಾಮ್ ಆಯಿತು. ಎಲೆ ಮುದುಡಿ, ಅಂಟು ಸುರಿದು, ಅದರ ಮೇಲೆ ಕಪ್ಪು ಬೂಷ್ಟು ಕೂತಿತು. ಔಷಧ ಡೂಪ್ಲಿಕೇಟ್ ಅಂತ ಅಂಗಡಿಯವನ ಮೇಲೆ ಹರಿಹಾಯ್ದು ಬಂದೆ.

ಅಣ್ಣನ ಮಗಳು ಧಾರವಾಡದಲ್ಲಿ ಕೀಟಶಾಸ್ತ್ರ ಓದುತ್ತಾಳೆ. ಖಾಲಿ ಡಬ್ಬಿ ನೋಡಿ ನಕ್ಕಳು: "ಕಾಕಾ, ಡಬ್ಬಿ ಮೂರು, ಮನೆತನ ಒಂದ ಐತಿ." ಮೂರೂ ನಿಯೋನಿಕೋಟಿನಾಯ್ಡ್ ಎಂಬ ಒಂದೇ ಗುಂಪಿನವು, ಹುಳದ ನರದಲ್ಲಿ ಬಡಿಯುವ ಜಾಗವೂ ಒಂದೇ.

ಅವಳು ಹೇಳಿದ್ದರಲ್ಲಿ ನನ್ನ ತಲೆಯಲ್ಲಿ ಉಳಿದದ್ದು ತಂಬಾಕಿನ ಕತೆ. ಅಜ್ಜ ಹೇನಿಗೆ ತಂಬಾಕಿನ ಕಷಾಯ ಹೊಡೆಯುತ್ತಿದ್ದ. ಈ ಔಷಧಗಳೂ ಅದೇ ನಿಕೋಟಿನ್ನಿನ ದಾಯಾದಿಗಳಂತೆ. ತಂಬಾಕಿನ ಗಿಡದ ಮೇಲೇ ಬದುಕುವ ಒಂದು ಬಗೆಯ ಹೇನಿನಲ್ಲಿ, ವಿಷ ಒಡೆಯುವ ಕಿಣ್ವದ ಸಿವೈಪಿ6ಸಿವೈ3 ಎಂಬ ಜೀನು ಒಂದಿದ್ದದ್ದು ಹಲವಾಗಿದೆ. ಗಿಡದ ನಿಕೋಟಿನ್ ಅರಗಿಸಿಕೊಳ್ಳಲು ಬಂದ ಶಕ್ತಿ ಇಮಿಡಾಕ್ಲೋಪ್ರಿಡ್‌ಗೂ ಒದಗಿತು. ಹತ್ತಿಯ ಹೇನು ಬೇರೆ ಜಾತಿ. ಆದರೆ ಔಷಧಕ್ಕೆ ಬಗ್ಗದ ಹತ್ತಿ ಹೇನಿನಲ್ಲೂ ಇಂಥ ಕಿಣ್ವಗಳ ಜೀನುಗಳು ಜೋರಾಗಿ ಕೆಲಸ ಮಾಡುವುದನ್ನು ಕಂಡಿದ್ದಾರೆ. ಮೇಲಾಗಿ ಹೆಣ್ಣು ಹೇನಿಗೆ ಗಂಡು ಬೇಕಿಲ್ಲ. ತನ್ನಂಥದೇ ಮರಿ ಹಾಕುತ್ತದೆ, ಆ ಮರಿ ವಾರದೊಳಗೆ ತಾಯಿ. ಬಗ್ಗುವವನ್ನೆಲ್ಲ ಕೊಂದು, ಬಗ್ಗದವಕ್ಕೆ ಹೊಲ ಬಿಟ್ಟುಕೊಟ್ಟವನು ನಾನೇ.

ಮರುವರ್ಷ ಹೊಡೆಯುವ ಮೊದಲು ಪರೀಕ್ಷೆ ಮಾಡಿದೆ. ಹೇನಿದ್ದ ಹತ್ತೆಲೆ ಕಿತ್ತು, ಐದನ್ನು ಡಬ್ಬಿಯ ಚೀಟಿಯಲ್ಲಿದ್ದ ಪ್ರಮಾಣದ ಇಮಿಡಾಕ್ಲೋಪ್ರಿಡ್‌ನಲ್ಲಿ, ಐದನ್ನು ಬರೀ ನೀರಿನಲ್ಲಿ ಅದ್ದಿ, ಎರಡು ಡಬ್ಬಿಗೆ ತೆಳು ಬಟ್ಟೆ ಕಟ್ಟಿ ನೆರಳಿಗಿಟ್ಟೆ. ಕೈಗವಸು ಹಾಕಿದ್ದೆ, ಆದರೆ ಡಬ್ಬಿ ಅಡುಗೆಮನೆಯವು. ಹೆಂಡತಿ ಬೈದು ಅವನ್ನು ಹೊರಗೇ ಹಾಕಿದಳು. ಎರಡು ದಿನ ಬಿಟ್ಟು ಎಣಿಸಿದರೆ ಔಷಧದ ಎಲೆಯ ಮೇಲೂ ಅರ್ಧಕ್ಕಿಂತ ಹೆಚ್ಚು ಹೇನು ಕಾಲಾಡಿಸುತ್ತಿದ್ದವು. ಲ್ಯಾಬಿನ ಲೆಕ್ಕವಲ್ಲ, ನನಗೆ ಸಾಕಾಯಿತು.

ಪಾಕೀಟಿನ ಬೀಜಕ್ಕೆ ಇದೇ ಗುಂಪಿನ ಔಷಧ ಹಚ್ಚಿ ಬಂದಿತ್ತು. ಅದನ್ನೇ ಒಂದು ಸುತ್ತು ಎಂದು ಎಣಿಸಿ, ಸಿಂಪರಣೆಗೆ ಬೇರೆ ಗುಂಪಿನ ಫ್ಲೋನಿಕಾಮಿಡ್ ತಂದೆ. ಯೂರಿಯಾ ಕಡಿಮೆ ಮಾಡಿದೆ. ಎಳೆ ಚಿಗುರು ಹೆಚ್ಚಾದಷ್ಟು ಹೇನಿಗೆ ಹಬ್ಬ. ಹೇನು ತಿನ್ನುವ ಗುಲಗಂಜಿ ಹುಳ ಕಂಡ ಸಾಲಿಗೆ ಪಂಪು ಒಯ್ಯಲಿಲ್ಲ.

ಹೊಡೆದ ಮರುದಿನ ಆಳು ಬಂದು, "ಯಪ್ಪಾ, ಒಂದೂ ಸತ್ತಿಲ್ರಿ, ರೊಕ್ಕ ನೀರಾಗ ಹಾಕಿದ್ರಿ" ಅಂದ. ಈ ಔಷಧ ಹೇನಿನ ಬಾಯಿ ಕಟ್ಟುತ್ತದೆ, ಹಸಿದು ಸಾಯಲು ದಿನ ಹಿಡಿಯುತ್ತದೆ. ಐದನೇ ದಿನ ಅವನೇ ಎಲೆ ಮಗುಚಿ ತೋರಿಸಿದ: ಒಣಗಿದ ಹೇನು, ಊದಿದರೆ ಹಾರಿಹೋಗುತ್ತಿದ್ದವು.