ಪ್ರೋಸೆಸ್ ಮ್ಯಾಪ್‌ನ ಬಾಣಗಳನ್ನ ಮತ್ತೆ ಎಳೆದಿದ್ದು: ನನ್ನ ಅನುಭವ

ಪೀಣ್ಯದಲ್ಲಿ ಒಂದು ಸಣ್ಣ ಮಷಿನಿಂಗ್ ಯೂನಿಟ್ಟಲ್ಲಿ ಕ್ವಾಲಿಟಿ ನೋಡ್ಕೋತೀನಿ, ಆರು ಸಿಎನ್‌ಸಿ ಮಷಿನ್, ನಲವತ್ತು ಚಿಲ್ರೆ ಜನ. ಕ್ವಾಲಿಟಿ ವ್ಯವಸ್ಥೆ ಹೇಗಿರ್ಬೇಕು ಅಂತ ಹೇಳೋ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಐಎಸ್‌ಒ 9001, ಅದರ ಸರ್ಟಿಫಿಕೇಟ್ ಬಹಳ ವರ್ಷದಿಂದ ಇದೆ. ಮ್ಯಾನ್ಯುಅಲ್‌ನಲ್ಲಿ ಕೆಲಸ ಎಲ್ಲಿಂದ ಎಲ್ಲಿಗೆ ಹೋಗತ್ತೆ ಅಂತ ತೋರಿಸೋ ಒಂದು ಚಿತ್ರ, ಅಂದ್ರೆ ಪ್ರೋಸೆಸ್ ಮ್ಯಾಪ್ ಇತ್ತು, ಮಾರ್ಕೆಟಿಂಗ್, ಪರ್ಚೇಸ್, ಪ್ರೊಡಕ್ಷನ್, ಇನ್ಸ್‌ಪೆಕ್ಷನ್, ಡಿಸ್‌ಪ್ಯಾಚ್ ಅಂತ ಐದು ಚೌಕ, ಮಧ್ಯೆ ಬಾಣ, ಆಡಿಟ್ ಬಂದಾಗೆಲ್ಲ ಅದನ್ನೇ ತೋರಿಸ್ತಾ ಬಂದಿದ್ವಿ.

ಹೋದ ವರ್ಷ ಒಂದು ಪಾರ್ಟ್‌ನ ಡ್ರಾಯಿಂಗ್ ರಿವಿಷನ್ ಆಯ್ತು. 25 ಎಂಎಂ ಬೋರ್ (ಒಳಗಿನ ತೂತು) ಎಚ್7 ಇದ್ದಿದ್ದು ಎಚ್6 ಮಾಡಿದ್ರು, ಅಂದ್ರೆ ತೂತು 25 ಎಂಎಂಗಿಂತ 21 ಮೈಕ್ರಾನ್‌ವರೆಗೂ (ಒಂದು ಮೈಕ್ರಾನ್ ಅಂದ್ರೆ ಎಂಎಂನ ಸಾವಿರದ ಒಂದು ಪಾಲು) ದೊಡ್ಡದಿರಬಹುದು ಅಂತಿದ್ದದ್ದು 13 ಮೈಕ್ರಾನ್‌ಗೆ ಇಳೀತು. ಕಸ್ಟಮರ್ ಮೇಲ್ ಮಾರ್ಕೆಟಿಂಗ್‌ಗೆ ಬಂತು, ಪ್ಲಾನಿಂಗ್ ಅವರು ಹೊಸ ಡ್ರಾಯಿಂಗ್ ಪ್ರಿಂಟ್ ಹಾಕಿ ಮಷಿನ್ ಹತ್ರ ಇಟ್ರು, ಎಲ್ಲಾ ಸರಿ. ಆದ್ರೆ ಇನ್ಸ್‌ಪೆಕ್ಷನ್ ಟೇಬಲ್ ಮೇಲೆ ಇದ್ದ ಪ್ಲಗ್ ಗೇಜ್, ಅಂದ್ರೆ ತೂತಿಗೆ ಹಾಕಿ ಸೈಜ್ ಸರಿಯಿದ್ಯಾ ನೋಡೋ ಸಾಧನ, ಹಳೇ ಎಚ್7ದೇ. ಬೋರ್ 17, 18 ಮೈಕ್ರಾನ್ ದೊಡ್ಡದಿದ್ದ ಪೀಸೂ ಪಾಸಾಗಿ ಹೋಯ್ತು, ಇಡೀ ಲಾಟ್ ವಾಪಸ್ ಬಂತು. ಇನ್ಸ್‌ಪೆಕ್ಷನ್ ಹುಡುಗನ್ನ ಕೇಳಿದ್ರೆ "ಗೇಜ್ ಬದಲಾಗ್ಬೇಕು ಅಂತ ನಂಗ್ಯಾರೂ ಹೇಳ್ಲಿಲ್ಲ ಸಾರ್" ಅಂದ. ಅವನ ತಪ್ಪೇನೂ ಇರ್ಲಿಲ್ಲ. ಪ್ಲಾನಿಂಗಿಂದ ಗೇಜ್ ನೋಡೋರಿಗೆ ನಮ್ಮ ಚಿತ್ರದಲ್ಲಿ ಬಾಣವೇ ಇರ್ಲಿಲ್ಲ, ಗೇಜ್ ಅನ್ನೋ ಚೌಕವೂ ಇರ್ಲಿಲ್ಲ.

ಆಮೇಲೆ ಚಿತ್ರನ ಪೂರ್ತಿ ಪಕ್ಕಕ್ಕಿಟ್ಟೆ. ಒಂದು ಆರ್ಡರ್ ತಗೊಂಡು ಎನ್‌ಕ್ವೈರಿಯಿಂದ ಡಿಸ್‌ಪ್ಯಾಚ್‌ವರೆಗೂ ಆ ಕೆಲಸದ ಜೊತೆ ಸಾಗೋ ಚೀಟಿ, ಅಂದ್ರೆ ಜಾಬ್ ಕಾರ್ಡ್ ಹಿಂದೇನೇ ನಡ್ಕೊಂಡು ಹೋದೆ, ನಾಲ್ಕು ದಿನ ಹಿಡೀತು. ಪ್ರತಿ ಟೇಬಲ್ ಹತ್ರ ಎರಡೇ ಪ್ರಶ್ನೆ, ಕೆಲಸ ಶುರು ಮಾಡೋಕೆ ನಿಮ್ಗೆ ಏನು ಬೇಕು, ಅದು ಯಾರಿಂದ ಬರತ್ತೆ. ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳ್ತೀನಿ, ಕೊಡೋರನ್ನ ಕೇಳ್ಬೇಡಿ, ತಗೊಳ್ಳೋರನ್ನ ಕೇಳಿ. ಕೊಡೋರು ಯಾವಾಗ್ಲೂ "ಕೊಟ್ಟಿದೀವಿ" ಅಂತಾರೆ, ಅದು ಸಿಕ್ತೋ ಇಲ್ವೋ, ಹೊತ್ತಿಗೆ ಸರಿಯಾಗಿ ಸಿಕ್ತೋ ಅನ್ನೋದು ತಗೊಳ್ಳೋರಿಗೆ ಮಾತ್ರ ಗೊತ್ತಿರತ್ತೆ.

ಹಾಗೆ ಕೇಳ್ತಾ ಹೋದಾಗ ಮಷಿನ್ ಸೆಟ್ ಮಾಡೋ ಒಬ್ಬ ಸೆಟ್ಟರ್ ಅಣ್ಣ ಜೇಬಿಂದ ಪುಟ್ಟ ಡೈರಿ ತೆಗೆದು ತೋರಿಸಿದ್ರು. ಜಿಂಕ್ ಪ್ಲೇಟಿಂಗ್‌ಗೆ ಹೋಗೋ ಪಿನ್‌ಗಳಿಗೆ ಯಾವ ಪ್ಲೇಟಿಂಗ್‌ನವ್ರು ಎಷ್ಟು ದಪ್ಪ ಕೂರಿಸ್ತಾರೆ ಅಂತ ಅವ್ರೇ ಅಳೆದು ಬರೆದಿಟ್ಟಿದ್ರು. 8 ಮೈಕ್ರಾನ್ ಕೋಟಿಂಗ್ ಅಂದ್ರೆ ಎರಡೂ ಕಡೆ ಸೇರಿ ವ್ಯಾಸ 16 ಮೈಕ್ರಾನ್ ಬೆಳೆಯತ್ತೆ, ಪಿನ್‌ನ ಮೊದ್ಲೇ ಅಷ್ಟು ಸಣ್ಣದಾಗಿ ಮಾಡಿ ಕೊಡ್ತಿದ್ರು. ಪ್ಲೇಟಿಂಗ್‌ನವರಿಂದ ಮಷಿನ್‌ಗೆ ವಾಪಸ್ ಬರೋ ಅಷ್ಟು ಮುಖ್ಯವಾದ ಮಾಹಿತಿ ಒಬ್ಬರ ಜೇಬಲ್ಲಿತ್ತು, ಅವ್ರು ರಜಾ ಹಾಕಿದ ದಿನ ಪಿನ್ ಯಾಕೆ ಟೈಟ್ ಆಗತ್ತೆ ಅಂತ ನಾವು ತಲೆ ಕೆಡಿಸ್ಕೋತಿದ್ವಿ. ಈಗ ಆ ಲೆಕ್ಕ ಪ್ರೋಸೆಸ್ ಶೀಟ್‌ನಲ್ಲೇ ಇದೆ, ಪ್ಲೇಟಿಂಗ್ ಮುಂಚಿನ ಸೈಜ್, ಆಮೇಲಿನ ಸೈಜ್ ಎರಡೂ.

ಕೇಳಿದ್ದನ್ನೆಲ್ಲ ಒಂದು ಚಾರ್ಟ್ ಶೀಟ್ ಮೇಲೆ ಮನೆ ಹಾಕಿ ಬರೆದೆ. ಆರ್ಡರ್, ಪ್ಲಾನಿಂಗ್, ಪರ್ಚೇಸ್, ಸ್ಟೋರ್ಸ್, ಮಷಿನಿಂಗ್, ಹೊರಗಿನ ಕೆಲಸ, ಇನ್ಸ್‌ಪೆಕ್ಷನ್, ಗೇಜ್-ಕ್ಯಾಲಿಬ್ರೇಷನ್, ಡಿಸ್‌ಪ್ಯಾಚ್ ಅಂತ ಒಂಬತ್ತು ಪ್ರೋಸೆಸ್, ಅಡ್ಡಡ್ಡ ಕೊಡೋರು, ಉದ್ದುದ್ದ ತಗೊಳ್ಳೋರು, ತಮಗೆ ತಾವೇ ಬೀಳೋ ಮನೆ ಬಿಟ್ರೆ 72 ಮನೆ. ಪ್ರತಿ ಮನೇಲೂ ಏನು ಹೋಗತ್ತೆ, ಕಾಗದವೋ ಇ-ಮೇಲೋ ಬರೀ ಫೋನೋ ಅಂತ ಬರೆದ್ವಿ. "ಮಾಹಿತಿ" ಅಂತ ಬರೆಯೋಕೆ ಬಿಡ್ಲಿಲ್ಲ, ವಸ್ತುವಿನ ಹೆಸರೇ ಬರೀಬೇಕು, ಉದಾಹರಣೆಗೆ ಪಿಒ (ಪರ್ಚೇಸ್ ಆರ್ಡರ್) ತಿದ್ದುಪಡಿ, ಜಿಆರ್‌ಎನ್ (ಮಾಲು ಬಂತು ಅನ್ನೋ ಚೀಟಿ), ಹಾರ್ಡ್‌ನೆಸ್ (ಗಡಸುತನದ) ರಿಪೋರ್ಟ್. ಬಹಳ ಮನೆ ಖಾಲಿ ಇರತ್ತೆ, ಇರ್ಬೇಕಾದ್ದೇ. ಆದ್ರೆ ಪ್ಲಾನಿಂಗ್ ಸಾಲು, ಗೇಜ್ ಕಾಲಮ್ಮು ಸೇರೋ ಮನೆ ಖಾಲಿ ಇದ್ದದ್ದು ನೋಡಿ ಎಲ್ರೂ ಸುಮ್ಮನಾದ್ರು. ಟ್ರೈನಿಂಗ್, ಇಂಟರ್ನಲ್ ಆಡಿಟ್ ಇವನ್ನ ಆಮೇಲೆ ಸೇರಿಸಿದ್ವಿ.

ಸ್ಟ್ಯಾಂಡರ್ಡ್ ಏನು ಹೇಳತ್ತೆ ಅನ್ನೋರಿಗೆ: 2015ರ ಆವೃತ್ತಿಯ 4.4ರಲ್ಲಿ ಪ್ರೋಸೆಸ್‌ಗಳ ಇನ್‌ಪುಟ್, ಔಟ್‌ಪುಟ್, ಅವುಗಳ ಕ್ರಮ, ಒಂದಕ್ಕೊಂದರ ಸಂಬಂಧ ಗುರುತಿಸಿ ಅಂತಿದೆ, ಇಂಥದ್ದೇ ಚಿತ್ರ ಬರೀರಿ ಅಂತ ಎಲ್ಲೂ ಇಲ್ಲ, 2008ರಲ್ಲಿ ಕಡ್ಡಾಯವಿದ್ದ ಕ್ವಾಲಿಟಿ ಮ್ಯಾನ್ಯುಅಲ್ ಕೂಡ ಈಗ ಕಡ್ಡಾಯ ಅಲ್ಲ. ಟರ್ಟಲ್ ಡಯಾಗ್ರಾಮ್ ಅಂತ ಆಮೆ ಆಕಾರದ ಒಂದು ಚಿತ್ರ ಇದೆ, ಒಂದೊಂದು ಪ್ರೋಸೆಸ್ ಬಿಡಿಸಿ ನೋಡೋಕೆ ಚೆನ್ನಾಗಿದೆ, ಎರಡರ ನಡುವೆ ಬಿಟ್ಟುಹೋಗಿದ್ದು ಮಾತ್ರ ಅದರಲ್ಲಿ ನಂಗೆ ಕಾಣ್ಲಿಲ್ಲ. ನಮಗೆ ಬಿದ್ದ ಪೆಟ್ಟು 8.2.4ರಲ್ಲಿ ನೇರವಾಗೇ ಇದೆ, ರಿಕ್ವೈರ್‌ಮೆಂಟ್ ಬದಲಾದ್ರೆ ಸಂಬಂಧಪಟ್ಟ ದಾಖಲೆ ತಿದ್ದಿ, ಸಂಬಂಧಪಟ್ಟವರಿಗೆ ತಿಳಿಸಿ ಅಂತ. ಆ "ಸಂಬಂಧಪಟ್ಟವರು" ಯಾರು ಅಂತ ನಮಗೆ ತೋರಿಸಿದ್ದು ಆ ಚಾರ್ಟ್ ಶೀಟು.

ಶೀಟ್ ಈಗ ಸ್ಟೋರ್ಸ್ ಪಕ್ಕದ ಗೋಡೆ ಮೇಲಿದೆ. ಡ್ರಾಯಿಂಗ್ ರಿವಿಷನ್ ಬಂದ್ರೆ ಪ್ಲಾನಿಂಗ್ ಅವರು ಗೇಜ್ ನೋಡೋರ ಸಹಿ ತಗೊಳ್ದೆ ಜಾಬ್ ಕಾರ್ಡ್ ಬಿಡೋ ಹಾಗಿಲ್ಲ. ಅದನ್ನ ನೋಡ್ಕೊಂಡು ಚಿತ್ರದ ಬಾಣಗಳನ್ನ ಮತ್ತೆ ಎಳೆದಾಗ, ಫೋನಲ್ಲೇ ನಡೆಯೋ ಬಾಣಗಳನ್ನ ಚುಕ್ಕೆ ಗೆರೆಯಲ್ಲಿ ಎಳೆದಿದ್ವಿ, ಏಳಿದ್ದವು, ಈಗ ಒಂದು ಉಳಿದಿದೆ. ಹೀಟ್ ಟ್ರೀಟ್‌ಮೆಂಟ್‌ನಿಂದ ಮಾಲು ಬಂದು ಎರಡು ದಿನ ಆದ್ಮೇಲೆ ಹಾರ್ಡ್‌ನೆಸ್ ರಿಪೋರ್ಟ್ ಬರತ್ತೆ, ಅಲ್ಲೀವರೆಗೂ ಫೋನಲ್ಲಿ ಹೇಳಿದ ನಂಬರ್ರೇ ಗತಿ. ಮಾಲಿನ ಜೊತೆಗೇ ರಿಪೋರ್ಟ್ ಬರ್ಬೇಕು ಅಂತ ಈ ತಿಂಗಳಿಂದ ಪಿಒನಲ್ಲಿ ಹಾಕ್ತಾ ಇದೀವಿ.